ಪೀಣ್ಯದ ಮ್ಯೂ

ಗ್ರೀಕ್ ಅಕ್ಷರ ಅಂದ ಕೂಡಲೇ ನಿಮಗೆ ಕಾಲೇಜಿನ ಬೋರ್ಡು ನೆನಪಾಗಬಹುದು. ನನಗೆ ನೆನಪಾಗೋದು ತೋಟದ ಮೋಟರ್ ಮನೆ. ತಿಪಟೂರು ಕಡೆಯ ನಮ್ಮ ತೆಂಗಿನ ತೋಟದಲ್ಲಿ 10 ಎಚ್.ಪಿ. ಮೋಟರಿಗೆ ಸ್ಟಾರ್-ಡೆಲ್ಟಾ ಸ್ಟಾರ್ಟರ್ ಇತ್ತು. ದೊಡ್ಡಪ್ಪ ಹಸಿರು ಗುಂಡಿ ಒತ್ತಿದರೆ ಮೋಟರು ಮೊದಲು ಮೆಲ್ಲಗೆ ಗೊರಗುಟ್ಟೋದು. ಕೆಲವು ಸೆಕೆಂಡು ಆದಮೇಲೆ ಡಬ್ಬದೊಳಗೆ ಟಪ್ ಅಂತ ಸದ್ದು. ಆಗ ದೊಡ್ಡಪ್ಪ ಗುಂಡಿಯಿಂದ ಕೈ ತೆಗೆದು, "ಡೆಲ್ಟಾಕ್ಕೆ ಬಿತ್ತು ಕಣ್ಲಾ, ಈಗ ಬತ್ತದೆ ನೀರು" ಅನ್ನೋರು.

ದೊಡ್ಡಪ್ಪ ಓದಿದ್ದು ಏಳನೇ ಕ್ಲಾಸು. ಆದರೆ ಅವರು ಹೇಳ್ತಿದ್ದದ್ದು ಪಕ್ಕಾ ಸರಿ. ಮೋಟರಿನ ಮೂರು ಸುತ್ತುಗಳ ತುದಿಗಳನ್ನು ಒಂದೇ ಕಡೆ ಗಂಟು ಹಾಕಿದರೆ ಅದು ಸ್ಟಾರ್. ಆಗ ಲೈನಿಂದ ಎಳೆಯೋ ಕರೆಂಟು ಮೂರನೇ ಒಂದು ಭಾಗಕ್ಕೆ ಇಳಿಯುತ್ತೆ. ಮೋಟರು ಸ್ಪೀಡು ಹಿಡಿದ ಮೇಲೆ ಅದೇ ಮೂರು ಸುತ್ತುಗಳನ್ನು ತ್ರಿಕೋನವಾಗಿ ಜೋಡಿಸಿದರೆ ಡೆಲ್ಟಾ. ಗ್ರೀಕರ ದೊಡ್ಡಕ್ಷರದ ಡೆಲ್ಟಾ ಅಂದರೆ ಒಂದು ತ್ರಿಕೋನ, ಅಷ್ಟೇ. ನೈಲ್ ನದಿ ಸಮುದ್ರ ಸೇರುವ ಜಾಗಕ್ಕೂ ಅದೇ ಆಕಾರ ನೋಡಿ ಅದೇ ಹೆಸರಿಟ್ಟರು. ತಮಾಷೆ ಏನಂದ್ರೆ, ನಮ್ಮ ಸಮಾಜ ಪಾಠದಲ್ಲಿ ಆ ಡೆಲ್ಟಾ "ನದೀ ಮುಖಜ ಭೂಮಿ" ಆಗಿ ಬಂತು, ನಾನು ಅದನ್ನು ಉರು ಹೊಡೆದು ನಾಲ್ಕು ಅಂಕ ತಗೊಂಡೆ. ಮೋಟರ್ ಮನೆಯ ಡೆಲ್ಟಾವನ್ನು ಮಾತ್ರ ಯಾರೂ ಅನುವಾದ ಮಾಡೋಕೆ ಹೋಗಲಿಲ್ಲ. ಎರಡೂ ಒಂದೇ ಅಕ್ಷರ ಅಂತ ನನಗೆ ಗೊತ್ತಾಗಿದ್ದು ಬಿ.ಇ. ಮುಗಿಸಿದ ಮೇಲೆ.

ಹತ್ತನೇ ಕ್ಲಾಸಿನವರೆಗೆ ಕನ್ನಡ ಮೀಡಿಯಂ ಓದಿ ಪಿಯುಸಿ ಸೈನ್ಸ್ ಸೇರಿದವರಿಗೆ ಮೊದಲ ಆರು ತಿಂಗಳು ಹೇಗಿರುತ್ತೆ ಅಂತ ನಾನು ವಿವರಿಸಬೇಕಿಲ್ಲ. "ವೇಗೋತ್ಕರ್ಷ" ಅಂತ ಕಲಿತದ್ದು ರಾತ್ರೋರಾತ್ರಿ "ಆಕ್ಸಿಲರೇಷನ್" ಆಗಿರುತ್ತೆ. ಮುಂದಿನ ಬೆಂಚಿನ ಕಾನ್ವೆಂಟ್ ಹುಡುಗರು ಲೆಕ್ಚರರ್ ಜೊತೆ ಇಂಗ್ಲಿಷಲ್ಲಿ ನಗಾಡ್ತಿದ್ದರೆ, ಯಾಕೆ ನಗ್ತಿದ್ದಾರೆ ಅಂತ ಗೊತ್ತಾಗದೆ ನಾವೂ ಒಂದು ಕ್ಷಣ ತಡವಾಗಿ ನಗಬೇಕು. ಆ ದಿನಗಳಲ್ಲಿ ನನಗೆ ಧೈರ್ಯ ಕೊಟ್ಟದ್ದು ಗ್ರೀಕ್ ಅಕ್ಷರಗಳು ಅಂದರೆ ನಂಬಬೇಕು ನೀವು. ಒಂದು ದಿನ ಲೆಕ್ಚರರ್ ಬೋರ್ಡಿನ ಮೇಲೆ ಹಳಸಿದ ಜಿಲೇಬಿ ಥರದ ಒಂದು ಅಕ್ಷರ ಬರೆದರು. ಹೆಸರು ಕೇಳಿದರು. ಕಾನ್ವೆಂಟಿನವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಯಾರಿಗೂ ಗೊತ್ತಿಲ್ಲ! ಅದು "ಕ್ಸೈ" ಅಂತ ಅವತ್ತು ಅವರೂ ಕಲಿತರು, ನಾವೂ ಕಲಿತೆವು. ಇಡೀ ಕ್ಲಾಸು ಒಂದೇ ಗೆರೆಯಿಂದ ಓಟ ಶುರು ಮಾಡಿದ ಒಂದೇ ಒಂದು ಲಿಪಿ ಅದು.

ಇನ್ನೂ ಹೇಳಬೇಕಂದ್ರೆ ಥೀಟಾ ವಿಷಯದಲ್ಲಿ ನಾವೇ ಸ್ವಲ್ಪ ಮುಂದಿದ್ದೆವು. ಸೊನ್ನೆಯೊಳಗೆ ಒಂದು ಅಡ್ಡ ಗೀಟು ಹಾಕಿದರೆ ಥೀಟಾ. ಸೊನ್ನೆಯೊಳಗೆ ಒಂದು ಚುಕ್ಕಿ ಇಟ್ಟು ಮೇಲೊಂದು ತಲೆಕಟ್ಟು ಕೊಟ್ಟರೆ ನಮ್ಮ ಠ. ನಮ್ಮ ಹಿಂದಿನ ಬೆಂಚಿನವರೆಲ್ಲ ಬೇಕಂತಲೇ "ಸೈನ್ ಠ, ಕಾಸ್ ಠ" ಅಂತ ಬರೀತಿದ್ವಿ. ಲೆಕ್ಚರರಿಗೂ ಗೊತ್ತಿತ್ತು, ಅವರೂ ಮಾರ್ಕ್ಸ್ ಕಡಿಯಲಿಲ್ಲ. ಕೋನಕ್ಕೆ ಹೆಸರು ಯಾವುದಾದರೇನು?

ಬಿ.ಇ.ಯಲ್ಲಿ ಈ ಅಕ್ಷರಗಳು ಬ್ರಾಂಚ್‌ವಾರು ಪಾಲಾದವು. ಹಾಸ್ಟೆಲ್ ರೂಮಿನಲ್ಲಿ ನಾವು ಮೂವರು. ಮೆಕ್ಯಾನಿಕಲ್ ಹುಡುಗನಿಗೆ ಸಿಗ್ಮಾ ಅಂದರೆ ಕಬ್ಬಿಣದ ಸರಳು ತಡೆದುಕೊಳ್ಳುವ ಒತ್ತಡ. ಎಲೆಕ್ಟ್ರಾನಿಕ್ಸ್ ಹುಡುಗನಿಗೆ ವಿದ್ಯುತ್ ಹರಿಯಬಿಡುವ ಗುಣ. ಕಂಪ್ಯೂಟರ್ ಸೈನ್ಸಿನ ನನಗೆ ಡೇಟಾಬೇಸಿನಿಂದ ಬೇಕಾದ ಸಾಲುಗಳನ್ನು ಆರಿಸುವ ಕ್ರಿಯೆ. ಮೂವರಿಗೂ ಗಣಿತದಲ್ಲಿ ಅದೇ ಸಿಗ್ಮಾ ಸ್ಟ್ಯಾಂಡರ್ಡ್ ಡೀವಿಯೇಷನ್. ಪರೀಕ್ಷೆ ಹಿಂದಿನ ರಾತ್ರಿ ಒಬ್ಬರ ನೋಟ್ಸನ್ನು ಒಬ್ಬರು ತಿರುವಿ ಹಾಕಿದರೆ ಅಕ್ಷರಗಳೆಲ್ಲ ಪರಿಚಯದವು, ವಾಕ್ಯ ಒಂದೂ ಅರ್ಥ ಆಗಲ್ಲ. ಪಕ್ಕದೂರಿನ ಜಾತ್ರೆಯಲ್ಲಿ ನಮ್ಮೂರಿನವರ ಥರಾನೇ ಕಾಣೋ ಜನ ಸಿಕ್ಕ ಹಾಗೆ.

ಕೆಲಸಕ್ಕೆ ಅಂತ ವೈಟ್‌ಫೀಲ್ಡಿಗೆ ಬಂದ ಮೇಲೆ ಸಿಗ್ಮಾಕ್ಕೆ ಬೆಲ್ಟು ಬಂತು. ಗ್ರೀನ್ ಬೆಲ್ಟು, ಬ್ಲ್ಯಾಕ್ ಬೆಲ್ಟು. 1986ರಲ್ಲಿ ಮೊಟೊರೊಲಾ ಶುರು ಮಾಡಿದ ಸಿಕ್ಸ್ ಸಿಗ್ಮಾವನ್ನು ಜಗತ್ತಿನ ತುಂಬ ಹರಡಿದವರು ಜಿ.ಇ.ಯ ಜ್ಯಾಕ್ ವೆಲ್ಚ್. ಅವರ ಹೆಸರಿನ ಸಂಶೋಧನಾ ಕೇಂದ್ರ 2000ದಲ್ಲಿ ವೈಟ್‌ಫೀಲ್ಡಲ್ಲೇ ಶುರುವಾಯಿತು. ಹತ್ತು ಲಕ್ಷಕ್ಕೆ 3.4 ದೋಷ ಅನ್ನೋ ಲೆಕ್ಕ ನಿಮ್ಮಲ್ಲಿ ಬಹಳ ಜನಕ್ಕೆ ಟ್ರೇನಿಂಗಿನಿಂದ ಬಾಯಿಪಾಠ ಇರುತ್ತೆ. ಆದರೆ ಕೋಷ್ಟಕ ತೆಗೆದು ನೋಡಿ, ಅದು ಆರು ಸಿಗ್ಮಾದ ಲೆಕ್ಕ ಅಲ್ಲ. ನಿಜವಾದ ಆರು ಸಿಗ್ಮಾಕ್ಕೆ ನೂರು ಕೋಟಿಗೆ ಎರಡೇ ದೋಷ ಬರಬೇಕು. ಕಾಲಕ್ರಮೇಣ ಯಂತ್ರ ಒಂದೂವರೆ ಸಿಗ್ಮಾದಷ್ಟು ಸರಿಯುತ್ತೆ ಅಂತ ಮೊದಲೇ ಬಿಟ್ಟುಕೊಟ್ಟು ಮಾಡಿದ ನಾಲ್ಕೂವರೆ ಸಿಗ್ಮಾದ ಲೆಕ್ಕ ಅದು. ಬ್ರ್ಯಾಂಡ್ ಆದಮೇಲೆ ಅಕ್ಷರಕ್ಕೂ ಸ್ವಲ್ಪ ಮೇಕಪ್ ಬೇಕಾಗುತ್ತೇನೋ. (ಈಗಿನ ರೀಲ್ಸಿನ "ಸಿಗ್ಮಾ ಮೇಲ್" ಬಗ್ಗೆ ನಾನೇನೂ ಹೇಳಲ್ಲ.) ಅಮೆರಿಕದ ಮ್ಯಾನೇಜರು ಕಾಲ್‌ನಲ್ಲಿ ಬೀಟಾ ರಿಲೀಸನ್ನು "ಬೇಟಾ ರಿಲೀಸ್" ಅಂದಾಗ ನಮ್ಮ ಉತ್ತರದ ಸಹೋದ್ಯೋಗಿಗಳು ಮ್ಯೂಟ್ ಮಾಡ್ಕೊಂಡು ನಗೋರು. ಗ್ರೀಸಿನವರನ್ನೇ ಕೇಳಿದರೆ ಅವರು "ವೀಟಾ" ಅಂತಾರೆ. ಮ್ಯೂಗೆ "ಮೀ" ಅಂತಾರೆ. ಅಂದರೆ ನಾವೆಲ್ಲ ಕಲಿತದ್ದು ಇಂಗ್ಲೆಂಡಿನ ಗ್ರೀಕು.

ನಡುವೆ ಎರಡು ವರ್ಷ ಎಲೆಕ್ಟ್ರಾನಿಕ್ ಸಿಟಿಯಲ್ಲಿ, ಗಾಡಿ ಎಂಜಿನ್ನಿಗೆ ಸಾಫ್ಟ್‌ವೇರ್ ಬರೆಯುವ ಕಡೆ ಇದ್ದೆ. ಅಲ್ಲಿ ಲ್ಯಾಂಬ್ಡಾ ಅಂದರೆ ಸೈಲೆನ್ಸರ್ ಕೊಳವೆಯಲ್ಲಿ ಕೂತು ಗಾಳಿ-ಪೆಟ್ರೋಲಿನ ಹದ ನೋಡುವ ಸೆನ್ಸರ್. ಒಂದು ಕೆ.ಜಿ. ಪೆಟ್ರೋಲಿಗೆ 14.7 ಕೆ.ಜಿ. ಗಾಳಿ ಸಿಕ್ಕರೆ ಲ್ಯಾಂಬ್ಡಾ ಒಂದು. ಅದಕ್ಕಿಂತ ಕಡಿಮೆ ಅಂದರೆ ಪೆಟ್ರೋಲು ಜಾಸ್ತಿ. ಹೊಸದಾಗಿ ಬಂದ ಕ್ಲೌಡ್ ಟೀಮಿನ ಹುಡುಗಿಗೆ ಲ್ಯಾಂಬ್ಡಾ ಅಂದರೆ ಅಮೆಜಾನಿನವರು 2014ರಲ್ಲಿ ತಂದ, ಸರ್ವರ್ ಗೋಜಿಲ್ಲದೆ ಕೋಡು ಓಡಿಸುವ ಸೇವೆ. ಮೀಟಿಂಗಿನಲ್ಲಿ ಅವಳು "ಸರ್, ಒಟ್ಟು ಎಷ್ಟು ಲ್ಯಾಂಬ್ಡಾ ಇಟ್ಟುಕೊಳ್ಳೋಣ?" ಅಂತ ಕೇಳಿದಳು. ಎಂಜಿನ್ ಕಡೆಯ ಹಿರಿಯರು ಗಂಭೀರವಾಗಿ, "ಎರಡು ಸಾಕಮ್ಮ. ಕನ್ವರ್ಟರಿಗೆ ಮುಂಚೆ ಒಂದು, ಆಮೇಲೆ ಒಂದು" ಅಂದರು. ಅವಳು ಬರೆದುಕೊಂಡಳು. ಇಬ್ಬರೂ ಬೇರೆ ಬೇರೆ ವಿಷಯ ಮಾತಾಡ್ತಿದ್ದಾರೆ ಅಂತ ಗೊತ್ತಾಗೋಕೆ ಕಾಲು ಗಂಟೆ ಬೇಕಾಯಿತು.

ಇದೆಲ್ಲ ನಕ್ಕು ಮರೆಯುವ ಗೊಂದಲ. ಹಾಗಲ್ಲದ ಒಂದು ಕಥೆ ಪೀಣ್ಯದಲ್ಲಿದೆ.

ದೊಡ್ಡಪ್ಪನ ಮಗ, ನಮ್ಮಣ್ಣ, ಐಟಿಐ ಮುಗಿಸಿ ಪೀಣ್ಯಕ್ಕೆ ಬಂದು ಇಪ್ಪತ್ತು ವರ್ಷದ ಮೇಲಾಯಿತು. ಈಗ ಅವನದೇ ಒಂದು ಚಿಕ್ಕ ಗ್ರೈಂಡಿಂಗ್ ಶೆಡ್ಡು, ಮೂರು ಮಷೀನು. ಅವನ ಇಡೀ ಬದುಕು ನಡೆಯೋದು ಮೈಕ್ರಾನಿನಲ್ಲಿ. ತಲೆಕೂದಲು ಎಪ್ಪತ್ತು ಮೈಕ್ರಾನ್ ಆಸುಪಾಸು, ಅವನು ಐದರ ಜೊತೆ ಜಗಳ ಆಡ್ತಾನೆ. ಮಷೀನಿಂದ ತೆಗೆದ ಪೀಸನ್ನು ತಕ್ಷಣ ಅಳೆಯೋಕೆ ಬಿಡಲ್ಲ. 100 ಎಂ.ಎಂ. ಉಕ್ಕು ಹತ್ತು ಡಿಗ್ರಿ ಬಿಸಿಯಾದರೆ ಹನ್ನೆರಡು ಮೈಕ್ರಾನ್ ಹತ್ತಿರ ಉದ್ದ ಆಗುತ್ತೆ. "ಬಿಸಿಯಲ್ಲಿ ಅಳೆದ್ರೆ ಕಬ್ಬಿಣ ಸುಳ್ಳು ಹೇಳ್ತದೆ" ಅಂತಾನೆ. ನಾವು ಪುಸ್ತಕದಲ್ಲಿ ಆಲ್ಫಾ ಅಂತ ಓದಿ ಬಿಟ್ಟದ್ದು ಅವನ ಕೈಯಲ್ಲಿದೆ.

ಅದೇ ಪೀಣ್ಯದಲ್ಲಿ ಇಸ್ರೋದ ಇಸ್ಟ್ರಾಕ್ ಇದೆ. 2023ರ ಆಗಸ್ಟ್ 23ರಂದು ಚಂದ್ರಯಾನ-3 ಇಳಿದಾಗ ಟಿ.ವಿ.ಯಲ್ಲಿ ಎಲ್ಲರೂ ಎದ್ದು ಚಪ್ಪಾಳೆ ತಟ್ಟಿದ ಕೋಣೆ ಇರೋದು ಅಲ್ಲೇ. ಅಲ್ಲಿ ಮ್ಯೂ ಅಂದರೆ ಒಂದು ಗ್ರಹ ಎಷ್ಟು ಜೋರಾಗಿ ಎಳೆಯುತ್ತೆ ಅನ್ನೋ ಸಂಖ್ಯೆ. ಕಿಲೋಮೀಟರು, ಸೆಕೆಂಡುಗಳ ಲೆಕ್ಕದಲ್ಲಿ ಭೂಮಿಗೆ ಸುಮಾರು 3,98,600, ಚಂದ್ರನಿಗೆ ಸುಮಾರು 4,900. ಅಣ್ಣನ ಶೆಡ್ಡಿನಲ್ಲಿ ಅದೇ ಮ್ಯೂ ಮಿಲಿಮೀಟರಿನ ಸಾವಿರದಲ್ಲೊಂದು ಪಾಲು. ಪಕ್ಕದ ರಸ್ತೆಯ ರೀವೈಂಡಿಂಗ್ ಅಂಗಡಿಯಲ್ಲಿ ಒಮೆಗಾ ಅಂದರೆ ಓಮ್, ಇಸ್ಟ್ರಾಕಿನಲ್ಲಿ ಉಪಗ್ರಹದ ಕಕ್ಷೆ ಯಾವ ಕಡೆಗೆ ತಿರುಗಿದೆ ಅನ್ನೋ ಕೋನ. ಒಂದೇ ಪಿನ್‌ಕೋಡಿನ ಅಕ್ಕಪಕ್ಕದಲ್ಲಿ ಒಂದೇ ಅಕ್ಷರ ಭೂಮಿಯನ್ನೂ ಅಳೆಯುತ್ತೆ, ಗೀರನ್ನೂ ಅಳೆಯುತ್ತೆ.

ಒಂದು ಸಂಜೆ ಅಣ್ಣನ ಫೋನು. "ತಮ್ಮ, ವಾಟ್ಸಾಪ್ ನೋಡು. 12 ಎಂ.ಎಂ. ಸ್ಪಿಂಡಲ್ಲಿಗೆ 5 ಎಂ.ಎಂ. ಟಾಲರೆನ್ಸ್ ಅಂತೆ. ಇದ್ಕೆ ಗ್ರೈಂಡಿಂಗ್ ಯಾಕ್ಲಾ, ಮಚ್ಚಲ್ಲೇ ಕೆತ್ತಿ ಕೊಡಬಹುದು!" ಗಿರಾಕಿ ಕಂಪನಿಯೊಂದು ಕಳಿಸಿದ ಸ್ಪೆಸಿಫಿಕೇಷನ್ ಶೀಟಿನ ಫೋಟೋ ಅದು. ಸೊಲೆನಾಯ್ಡ್ ವಾಲ್ವಿನದು.

ಏನಾಗಿದೆ ಅಂತ ನನಗೆ ಹೊಳೆಯಿತು. ಹಳೆಯ ವರ್ಡ್ ಫೈಲುಗಳಲ್ಲಿ ಗ್ರೀಕ್ ಅಕ್ಷರ ಹಾಕೋಕೆ "ಸಿಂಬಲ್" ಅನ್ನೋ ಫಾಂಟ್ ಬಳಸ್ತಿದ್ದರು. ಅದರಲ್ಲಿ ಎಂ ಕೀಲಿ ಒತ್ತಿದರೆ ಮ್ಯೂ ಕಾಣುತ್ತೆ, ದೊಡ್ಡ ಡಬ್ಲ್ಯೂ ಒತ್ತಿದರೆ ಒಮೆಗಾ ಕಾಣುತ್ತೆ. ಕಾಣೋದಷ್ಟೇ. ಒಳಗಿರೋದು ಎಂ ಮತ್ತು ಡಬ್ಲ್ಯೂ. ಆ ಬರಹವನ್ನು ಬೇರೆ ಕಡೆಗೆ ಅಂಟಿಸುವಾಗ ಫಾಂಟ್ ಕಳಚಿಕೊಂಡರೆ ವೇಷ ಕಳಚಿದ ಹಾಗೆ. ಮೈಕ್ರೋಮೀಟರು ಹೋಗಿ ಮಿಲಿಮೀಟರು. ಒಂದಕ್ಕೆ ಸಾವಿರ.

ಕನ್ನಡದವರಿಗೆ ಇದು ಹೊಸದಲ್ಲ. ನುಡಿಯಲ್ಲೋ ಬರಹದಲ್ಲೋ ಟೈಪ್ ಮಾಡಿದ ಹಳೆಯ ಫೈಲನ್ನು ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ತೆಗೆದು, ಕೊಂಬು ಕೋಡು ಇರುವ ವಿಚಿತ್ರ ಇಂಗ್ಲಿಷ್ ಅಕ್ಷರಗಳ ಸಂತೆ ನೋಡಿದವರು ನಾವು. ಆದರೆ ಅಲ್ಲಿ ಒಂದು ಅನುಕೂಲ ಇದೆ. ಕೆಟ್ಟಿದೆ ಅಂತ ಕಣ್ಣಿಗೆ ರಾಚುತ್ತೆ. ಇಲ್ಲಿ ಹಾಗಲ್ಲ, ಕೆಟ್ಟ ಮೇಲೂ ಅದು ಸರಿಯಾದ ಮಾತಿನ ಥರಾನೇ ಕಾಣುತ್ತೆ.

"ಅಣ್ಣ, ಅದೇ ಶೀಟಲ್ಲಿ ಡಬ್ಲ್ಯೂ ಎಲ್ಲಾದ್ರೂ ಇದೆಯಾ?" ಅಂದೆ.

"ಕಾಯಿಲ್ ಕೆಳಗೆ 50 ಡಬ್ಲ್ಯೂ ಅಂತೈತೆ. ವ್ಯಾಟು."

ಅದು ವ್ಯಾಟಲ್ಲ, ಓಮ್. 24 ವೋಲ್ಟಿನಲ್ಲಿ 50 ಓಮಿನ ಕಾಯಿಲ್ ಎಳೆಯೋದು ಹನ್ನೊಂದೂವರೆ ವ್ಯಾಟ್. ಅದನ್ನೇ 50 ವ್ಯಾಟಿಗೆ ಸುತ್ತಿದರೆ ನಾಲ್ಕು ಪಟ್ಟಿಗಿಂತ ಹೆಚ್ಚು ಕಾವು. 5 ಎಂ.ಎಂ. ಅನ್ನೋದನ್ನು ಅಣ್ಣ ನಂಬಲಿಲ್ಲ, ಯಾಕಂದ್ರೆ ಅದು ನಗು ಬರಿಸುವಷ್ಟು ದೊಡ್ಡ ತಪ್ಪು. 50 ವ್ಯಾಟನ್ನು ಯಾರಾದರೂ ನಂಬ್ತಾರೆ. ಕಾಯಿಲ್ ಸುತ್ತುವ ಶೆಡ್ಡಿಗೂ ಅದೇ ಶೀಟು ಹೋಗಿತ್ತು. ಅಣ್ಣ ನನ್ನ ಕಾಲ್ ಕಟ್ ಮಾಡಿ ಅಲ್ಲಿಗೆ ಫೋನ್ ಹಚ್ಚಿದ. ಅವರು ಆಗಲೇ ದಪ್ಪ ತಂತಿಗೆ ಆರ್ಡರ್ ಹಾಕೋಕೆ ಕೂತಿದ್ದರಂತೆ. ಮುನ್ನೂರು ಕಾಯಿಲ್. ಸುತ್ತಿ ಕೊಟ್ಟು ವಾಪಸ್ ಬಂದಿದ್ದರೆ ಆ ಮನುಷ್ಯನ ಆ ವರ್ಷದ ಲಾಭ ಅಲ್ಲಿಗೆ ಮುಗೀತಿತ್ತು.

ಈ ಮ್ಯೂ ಅನ್ನೋ ಅಕ್ಷರ ಟೈಪ್‌ರೈಟರಿನಲ್ಲಿ ಇರಲಿಲ್ಲ, ಈಗಲೂ ನಮ್ಮ ಕೀಬೋರ್ಡಿನ ಮೇಲೆ ಇಲ್ಲ. ಅದಕ್ಕೆ ಒಂದೊಂದು ಕಸುಬಿನವರು ಒಂದೊಂದು ಬಾಡಿಗೆ ಆಳು ಇಟ್ಟುಕೊಂಡಿದ್ದಾರೆ. ನಾವು ಸಾಫ್ಟ್‌ವೇರಿನವರು ಬಾಲ ಕತ್ತರಿಸಿ "ಯು" ಅಂತ ಬರೀತೀವಿ. ಫ್ಯಾನಿನ ಕಂಡೆನ್ಸರ್ ಮೇಲೆ "ಎಂ.ಎಫ್.ಡಿ." ಅಂತಿರುತ್ತೆ, ಅಲ್ಲಿ ಎಂ ಅಂದರೆ ಮಿಲಿಯೂ ಅಲ್ಲ ಮೆಗಾನೂ ಅಲ್ಲ, ಮೈಕ್ರೋ. ಅಂಗಡಿಯಲ್ಲಿ "ಎರಡೂವರೆ ಎಂ.ಎಫ್.ಡಿ. ಕೊಡಿ" ಅಂದರೆ ಕೊಡ್ತಾರೆ, ಫ್ಯಾನ್ ತಿರುಗುತ್ತೆ. ಅಮ್ಮನ ಥೈರಾಯ್ಡ್ ಮಾತ್ರೆಯ ಡಬ್ಬಿ ಮೇಲೆ "50 ಎಂ.ಸಿ.ಜಿ." ಅಂತಿದೆ. ಅದು ಔಷಧದವರ ಉಪಾಯ. ಡಾಕ್ಟರ ಕೈಬರಹದ ಮ್ಯೂ ಅನ್ನು ಎಂ ಅಂತ ಓದಿಕೊಂಡರೆ ಮೈಕ್ರೋಗ್ರಾಂ ಮಿಲಿಗ್ರಾಂ ಆಗುತ್ತೆ, ಅಲ್ಲಿ ಮಚ್ಚಿನ ತಮಾಷೆ ಮಾಡೋಕೆ ಯಾರೂ ಇರಲ್ಲ. ಅದಕ್ಕೇ ಗ್ರೀಕ್ ಅಕ್ಷರ ಬೇಡವೇ ಬೇಡ, ಎಂ.ಸಿ. ಅಂತಲೇ ಬರೆಯಿರಿ ಅಂತ ಔಷಧ ಸುರಕ್ಷತೆಯವರು ಹೇಳ್ತಾ ಬಂದಿದ್ದಾರೆ. ಇನ್ನು ಯೂನಿಕೋಡಿನಲ್ಲಿ ಮ್ಯೂ ಎರಡಿದೆ. ಒಂದು ಗ್ರೀಕರದ್ದು, ಇನ್ನೊಂದು ಹಳೆಯ ಯುರೋಪಿನ ಕೋಡಿನಿಂದ ಬಂದ "ಮೈಕ್ರೋ ಚಿಹ್ನೆ". ನೋಡೋಕೆ ಅವಳಿ ಜವಳಿ. ಕಂಪ್ಯೂಟರಿಗೆ ಮಾತ್ರ ಇಬ್ಬರೂ ಬೇರೆ. ಒಂದನ್ನು ಟೈಪ್ ಮಾಡಿ ಹುಡುಕಿದರೆ ಇನ್ನೊಂದು ಇರೋ ಸಾಲು ಸಿಗದೆ ಹೋಗಬಹುದು. ಈ ಅವಳಿಗಳನ್ನು ಒಂದು ಮಾಡೋಕೆ ಅಂತಲೇ ನಮ್ಮ ಕೋಡಿನಲ್ಲಿ ಒಂದು ಸಾಲು ಇಟ್ಟಿದ್ದೀವಿ.

2021ರ ಮೇ ತಿಂಗಳಲ್ಲಿ ದೊಡ್ಡಪ್ಪ ಹೋದರು. ಎರಡನೇ ಅಲೆ. ತಿಪಟೂರಿನಿಂದ ತುಮಕೂರಿಗೆ ಆಂಬುಲೆನ್ಸು, ಬೆಡ್ಡು, ಆಕ್ಸಿಜನ್ನು... ನಿಮ್ಮಲ್ಲಿ ಬಹಳ ಜನರ ಮನೆಯಲ್ಲೂ ಇದೇ ಆಗಿದೆ, ಮತ್ತೆ ಬರೆಯಲ್ಲ. ಅವರು ಹೋದಾಗ ಆ ವೈರಸ್ಸಿಗೆ ಚುಕ್ಕಿಗಳಿದ್ದ ಒಂದು ಉದ್ದ ನಂಬರು ಬಿಟ್ಟರೆ ಹೆಸರಿರಲಿಲ್ಲ. ವಿದೇಶಿ ಚಾನೆಲ್ಲುಗಳು "ಇಂಡಿಯನ್ ವೇರಿಯಂಟ್" ಅಂತಿದ್ದವು. ಮೇ 31ಕ್ಕೆ ವಿಶ್ವ ಆರೋಗ್ಯ ಸಂಸ್ಥೆ, ಯಾವ ದೇಶಕ್ಕೂ ಮಸಿ ಹತ್ತಬಾರದು ಅಂತ ಗ್ರೀಕ್ ಅಕ್ಷರಗಳನ್ನು ಕೊಟ್ಟಿತು. ನಮ್ಮಲ್ಲಿ ಮೊದಲು ಕಂಡದ್ದಕ್ಕೆ ಬಂದದ್ದು ಡೆಲ್ಟಾ. ಆಮೇಲೆ ಮ್ಯೂ ಕೂಡ ಒಂದು ಬಂತು. ಮ್ಯೂ ನಂತರದ "ನ್ಯೂ" ಬಿಟ್ಟರು, ಹೊಸದು ಅಂತ ಕೇಳಿಸುತ್ತೆ ಅಂತ. ಪಿಯುಸಿಯ ನನ್ನ ಜಿಲೇಬಿ ಅಕ್ಷರವನ್ನೂ ಬಿಟ್ಟರು. ಅದರ ಇಂಗ್ಲಿಷ್ ಕಾಗುಣಿತ ಚೀನಾದಲ್ಲಿ ಸಾಮಾನ್ಯವಾದ ಒಂದು ಮನೆತನದ ಹೆಸರು. ಹಾಗೆ ನೇರ ಒಮಿಕ್ರಾನ್. ದೇಶದ ಮೊದಲ ಎರಡು ಒಮಿಕ್ರಾನ್ ಪ್ರಕರಣ ಅಂತ ಡಿಸೆಂಬರ್ 2ಕ್ಕೆ ಪ್ರಕಟವಾದವು ಬೆಂಗಳೂರಿನವೇ.

ಯಾರದ್ದೂ ಅಲ್ಲದ ಅಕ್ಷರ ಬೇಕಾಗಿತ್ತು ಅವರಿಗೆ. ನನಗೂ ಪಿಯುಸಿಯಲ್ಲಿ ಅದೇ ಬೇಕಾಗಿತ್ತು, ಹಾಗಾಗಿ ಆ ನಿರ್ಧಾರ ನನಗೆ ಅರ್ಥ ಆಗುತ್ತೆ, ಸರಿ ಅಂತಲೂ ಅನಿಸುತ್ತೆ. ಆದರೆ ನಮ್ಮ ಮನೆಯಲ್ಲಿ ಆ ಅಕ್ಷರ ಆಗಲೇ ಒಬ್ಬರದ್ದಾಗಿತ್ತಲ್ಲ. ಜೂನಿನಲ್ಲಿ ಒಂದು ರಾತ್ರಿ ಟಿ.ವಿ. ನೋಡ್ತಾ ಅಪ್ಪ ಕೇಳಿದರು, "ಅಣ್ಣಯ್ಯಂಗೆ ಬಂದಿದ್ದು ಡೆಲ್ಟಾನೇ ಏನಪ್ಪಾ?" ಆ ಪರೀಕ್ಷೆಯನ್ನೆಲ್ಲ ಯಾರೂ ಮಾಡಿರಲಿಲ್ಲ. ಇರಬಹುದು ಅಂದೆ. ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದು, "ಮೋಟರಿಗೆ ಬೇರೆ ಡಬ್ಬ ಹಾಕ್ಸಾನ" ಅಂದರು. ಈಗ ಮೊಬೈಲಿನಿಂದ ಆನ್ ಮಾಡೋ ಸ್ಟಾರ್ಟರ್ ಇದೆ.

ನನ್ನ ಹಳೆಯ ಪಿ.ಜಿ. ಗೆಳೆಯರ ಗುಂಪಿನಲ್ಲಿ ಈಗ ಮಾತೆಲ್ಲ ಆಪ್ಷನ್ಸ್ ಬಗ್ಗೆ. ಅಲ್ಲಿ ಡೆಲ್ಟಾ, ಗಾಮಾ, ಥೀಟಾ ಎಲ್ಲ ಸೇರಿ "ಗ್ರೀಕ್ಸ್". ಜೊತೆಗೆ "ವೇಗಾ" ಅಂತ ಒಂದಿದೆ, ಅದು ಗ್ರೀಕ್ ಅಕ್ಷರವೇ ಅಲ್ಲ, ಯಾರೋ ಗುಂಪಲ್ಲಿ ಗೋವಿಂದ ಅಂತ ಸೇರಿಸಿದ್ದಾರೆ. ನಮ್ಮ ಕಾಲದಲ್ಲಿ ಸುಮ್ಮನೆ ಕೋನವಾಗಿ ಕೂತಿದ್ದ ಥೀಟಾ ಅಲ್ಲಿ ದಿನ ಕಳೆದಂತೆ ಆಪ್ಷನ್ನಿನ ಬೆಲೆ ಕರಗುವ ವೇಗ. ನೀವು ನಿದ್ದೆ ಮಾಡಿದರೂ ಅದು ಮಾಡಲ್ಲ. 2024ರ ಸೆಪ್ಟೆಂಬರಿನಲ್ಲಿ ಸೆಬಿ ಪ್ರಕಟಿಸಿದ ಅಧ್ಯಯನದ ಪ್ರಕಾರ ಮೂರು ವರ್ಷದಲ್ಲಿ ಫ್ಯೂಚರ್ಸ್-ಆಪ್ಷನ್ಸ್ ಆಡಿದ ಒಂದು ಕೋಟಿಗೂ ಹೆಚ್ಚು ಜನರಲ್ಲಿ ನೂರಕ್ಕೆ 93 ಮಂದಿ ಕಳೆದುಕೊಂಡಿದ್ದಾರೆ. ನಷ್ಟದ ಸ್ಕ್ರೀನ್‌ಶಾಟ್ ಬಂದಾಗ ಗುಂಪಿನ ಉತ್ತರದ ಹುಡುಗನೊಬ್ಬ ಕೆಳಗೆ ಹೀಗೆ ಹಾಕ್ತಾನೆ: ಠ_ಠ. ಹುಬ್ಬು ಗಂಟಿಕ್ಕಿ ದಿಟ್ಟಿಸುವ ಮುಖ. ಜಗತ್ತಿನ ತುಂಬ ಜನ ಇದನ್ನು ಬಳಸ್ತಾರೆ, ಅದು ಕನ್ನಡ ಅಂತ ಬಹುಪಾಲು ಜನಕ್ಕೆ ಗೊತ್ತಿಲ್ಲ. ಆ ಹುಡುಗನಿಗೂ ಗೊತ್ತಿರಲಿಲ್ಲ. ನಾನು ಹೇಳಿದ ಮೇಲೆ "ಹಾಗಾದರೆ ಇದನ್ನು ಓದೋದು ಹೇಗೆ?" ಅಂದ. ಹೇಳಿಕೊಟ್ಟೆ. ಅವನ ನಾಲಿಗೆಯಲ್ಲಿ ಅದು "ಟಾ" ಆಯಿತು, ಥೀಟಾದ ಬಾಲದಂತೆ.

ಮೊನ್ನೆ ಶೆಡ್ಡಿಗೆ ಹೋದಾಗ ಅಣ್ಣ ಕೇಳಿದ, "ಎಲ್ಲಾದಕ್ಕೂ ಅದೇ ಇಪ್ಪತ್ನಾಕು ಅಕ್ಷರ ಯಾಕ್ಲಾ ಮುಂದ್ ಮಾಡ್ತಾರೆ? ನಮ್ದು ಐವತ್ತು ಹತ್ರ ಅವೆ." ಭಾಸ್ಕರಾಚಾರ್ಯರ ಬೀಜಗಣಿತದಲ್ಲಿ ಗೊತ್ತಿಲ್ಲದ ಸಂಖ್ಯೆಗಳಿಗೆ ಯಾವತ್ತಾವತ್, ಕಾಲಕ, ನೀಲಕ ಅಂತ ಹೆಸರಿಟ್ಟು, ಯಾ, ಕಾ, ನೀ ಅಂತ ಗಿಡ್ಡ ಮಾಡಿ ಬರೀತಿದ್ದರು ಅಂತ ಹೇಳಿದೆ. ಕಪ್ಪು, ನೀಲಿ, ಬಣ್ಣದ ಹೆಸರುಗಳು. ಅಣ್ಣನಿಗೆ ಅದು ಇಷ್ಟ ಆಯಿತು. ಆದರೆ ಅವನು ಆಗಲೇ ತನ್ನದೇ ಏರ್ಪಾಡು ಮಾಡಿಕೊಂಡಿದ್ದ. ಡ್ರಾಯಿಂಗ್ ಬಂದ ಕೂಡಲೇ ಪ್ರತಿ ಅಳತೆಯ ಪಕ್ಕ ಕೆಂಪು ಸ್ಕೆಚ್ ಪೆನ್ನಿನಲ್ಲಿ "5 ಮೈಕ್ರಾನ್" ಅಂತ ಕನ್ನಡದಲ್ಲಿ ಬರೆದು, ಫೋಟೋ ತೆಗೆದು, ಸರಿ ಇದೆಯಾ ಅಂತ ಗಿರಾಕಿಗೆ ಕಳಿಸ್ತಾನೆ. ಒಪ್ಪಿಗೆ ಬಂದ ಮೇಲೇ ಮಷೀನು ಆನ್. ಕೊಯಮತ್ತೂರಿನ ಕಂಪನಿಯ ಎಂಜಿನಿಯರ್ ಒಬ್ಬ ಕನ್ನಡ ಬರದಿದ್ದರೂ ಈಗ ಆ ಪದದ ಆಕಾರ ನೋಡಿಯೇ ಓಕೆ ಅಂತಾನಂತೆ.